ಕುಬಸದ ಸೀರೆಯಿಂದ ಬಯಲಾದ ಗುಟ್ಟು

ಕಳೆದ ಮಂಗಳವಾರ ಸಿಂಧನೂರಿನಲ್ಲಿ ನಾನು ಕೆಲಸ ಮಾಡುವ ಬಟ್ಟೆ ಅಂಗಡಿಯಲ್ಲಿ ಹಸಿರು ಸೀರೆಯೊಂದನ್ನು ನನ್ನ ಮೈಮೇಲೆ ಹೊದ್ದು ಗಿರಾಕಿಗೆ ತೋರಿಸುತ್ತಿದ್ದೆ. ಸೊಸೆಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಸೀರೆ ಕೊಳ್ಳಲು ಮುದಗಲ್‌ನಿಂದ ಬಂದಿದ್ದ ಆ ಅಜ್ಜಿ ಸೀರೆ ಬಿಟ್ಟು ನನ್ನ ಹೊಟ್ಟೆಯನ್ನೇ ನೋಡಿದರು.

“ಯವ್ವಾ, ನಿನಗೂ ಕುಬಸ ಮಾಡ್ಬೇಕಲ್ಲಬೇ! ಐದ್ ತಿಂಗಳ ಆತೇನು?”

ಇಡೀ ಅಂಗಡಿಗೆ ಕೇಳಿಸಿತು. ಬಸುರಿ ಎಂದು ಗೊತ್ತಾದ ಕೂಡಲೇ ನನ್ನ ಗೆಳತಿಯನ್ನು ಬೇರೊಂದು ಅಂಗಡಿಯವರು ಕೆಲಸ ಬಿಡಿಸಿದ್ದರು. ಅದಕ್ಕೇ ನಾನು ಬಾಯಿ ಬಿಟ್ಟಿರಲಿಲ್ಲ. ಗಲ್ಲಾದ ಮೇಲಿದ್ದ ಮಾಲೀಕರು ಎದ್ದು ಬಂದರು.

“ಹುಚ್ಚಿ ಅದೀಯೇನ್ ತಂಗಿ? ದಿನಾ ಏಣಿ ಹತ್ತಿ ಸೀರಿ ಇಳಸಾಕತ್ತೀಯಲ್ಲ, ಬಿದ್ದಿದ್ರ? ನಾಳಿಂದ ಕುಂತು ಬಿಲ್ ಬರಿ.”

“ಕೆಲಸ ಹೋಗ್ತೈತಂತ ಅಂಜಿದ್ನಿರಿ ಸಾವಕಾರ್ರ.”

“ಬಸುರಿ ಅಂತ ಬಿಡಸಾಕ ಕಾನೂನಿನ್ಯಾಗ ಬರಂಗಿಲ್ಲ. ಹೆರಿಗಿ ರಜಾಕ್ಕೂ ಪಗಾರ ಐತಿ. ಹಡದು ಬಾ, ನಿನ್ನ ಜಾಗ ಇಲ್ಲೇ ಇರತೈತಿ.”

“ಹಂಗಾರ ಈ ಖುಷಿಗೆ ಸೀರಿ ರೇಟ್ ಇಳಸ್ರಿ,” ಎಂದರು ಅಜ್ಜಿ. ನಗುತ್ತಲೇ ನಾನು ಕಣ್ಣೊರೆಸಿಕೊಂಡೆ.

ಸಂಜೆ ಮಸ್ಕಿ ಬಸ್ಸಿನಲ್ಲಿ ಸೀಟು ಇರಲಿಲ್ಲ. ಇಷ್ಟು ದಿನ ಸುಮ್ಮನೆ ನಿಂತೇ ಹೋಗುತ್ತಿದ್ದವಳು ಅಂದು, “ಅಕ್ಕಾರ, ಬಸುರಿ ಅದೀನ್ರಿ, ಸ್ವಲ್ಪ ಸರೀರಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.