ಲೊರ್ನಾ ಬಾಯಿ ಕಲಿಸಿದ ಇಂಗ್ಲಿಷ್

ಉಚ್ಚಿಲದ ಹೆದ್ದಾರಿ ಬದಿಯ ಕಟ್ಟಡವೊಂದರ ಮಹಡಿಯಲ್ಲಿ ನನ್ನ ಟೈಪಿಂಗ್ ಶಾಲೆ ಇತ್ತು. ತೊಂಬತ್ತೆಂಟರ ಹೊತ್ತಿಗೆ ಊರಿಗೆಲ್ಲ ಕಂಪ್ಯೂಟರ್ ಹುಚ್ಚು ಹಿಡಿದು ನನ್ನ ಒಂಬತ್ತು ಯಂತ್ರಗಳು ಧೂಳು ತಿನ್ನತೊಡಗಿದವು. ಆಗ ಸಂಜೆ ನಾಲ್ಕರಿಂದ ಆರರವರೆಗೆ ಕೋಣೆಯನ್ನು ಲೊರ್ನಾ ಬಾಯಿಯ ಇಂಗ್ಲಿಷ್ ಕ್ಲಾಸಿಗೆ ಬಿಟ್ಟುಕೊಟ್ಟೆ. ಸಂತೋಷದಿಂದ ಕೊಟ್ಟೆ ಎಂದರೆ ಸುಳ್ಳಾದೀತು. ನನ್ನಲ್ಲಿ ಕಲಿಯಲು ಬರುತ್ತಿದ್ದವರು ಮೂರು ಜನ, ಅವಳಲ್ಲಿ ಹದಿನೇಳು. ನಾನು ಬಿ.ಎ., ಅವಳು ಏಳನೇ ಕ್ಲಾಸು. ಹೊಟ್ಟೆ ಉರಿಯದೆ ಇರುತ್ತದೆಯೇ?

ಬಾಯಿ, ಕ್ರಿಶ್ಚಿಯನ್ ಹೆಂಗಸರನ್ನು ನಮ್ಮಲ್ಲಿ ಕರೆಯುವುದೇ ಹಾಗೆ, ಕಾಪುವಿನ ಒಳಭಾಗದವಳು. ಗಂಡ ಅಲೆಕ್ಸಾಂಡರ್ ಲಾರಿ ಅಪಘಾತದಲ್ಲಿ ತೀರಿಕೊಂಡಾಗ ಮಗಳು ಡೈನಾಗೆ ಆರು ವರ್ಷ. ಮಗುವನ್ನು ಅಜ್ಜಿಯ ಬಳಿ ಬಿಟ್ಟು, ಎರಡು ವರ್ಷದ ಕರಾರಿನ ಮೇಲೆ ಗಲ್ಫಿಗೆ ಮನೆಕೆಲಸಕ್ಕೆ ಹೋದಳು. ಮುಗಿಸಿ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮಣಿಪಾಲದ ಪ್ರೊಫೆಸರುಗಳ ಮನೆಗಳಲ್ಲಿ ಅಡುಗೆ ಮಾಡಿ ಮಗಳನ್ನು ಓದಿಸಿದಳು. ಗಲ್ಫಿನ ಬಗ್ಗೆ ಕೇಳಿದರೆ ಒಂದು ಫೋಟೊ ತೋರಿಸುತ್ತಿದ್ದಳು. ಚಿನ್ನದ ಬಣ್ಣದ ಅಂಚಿನ ಸೋಫಾದ ಮೇಲೆ ಬಾಯಿ ಕಾಲ ಮೇಲೆ ಕಾಲು ಹಾಕಿ ಕುಳಿತ ಫೋಟೊ. ಗಲ್ಫಿನಿಂದ ಬಂದವರು ನಮ್ಮಲ್ಲಿ ಸೆಂಟು, ಸಾಬೂನು, ಹಾಲಿನ ಪುಡಿ ಹಂಚುತ್ತಾರೆ. ಅಲ್ಲಿ ಪಟ್ಟ ಪಾಡನ್ನು ಯಾರೂ ಹಂಚುವುದಿಲ್ಲ.

ಅವಳ ಇಂಗ್ಲಿಷ್ ಪುಸ್ತಕದ್ದಲ್ಲ. ಅಪ್ಪಣೆಗಳನ್ನು ಕೇಳಿ ಕೇಳಿ ಕಲಿತದ್ದು. ಮನೆಕೆಲಸಕ್ಕೆಂದು ಹೊರದೇಶಕ್ಕೆ ಹೊರಟ ಹೆಂಗಸರಿಗೆ ಅದನ್ನೇ ಹೇಳಿಕೊಡುತ್ತಿದ್ದಳು. ಪಾಠದ ಕ್ರಮವೂ ಅವಳದೇ. ನನ್ನ ತಿರುಗುವ ಕುರ್ಚಿಯಲ್ಲಿ ತಾನು ಮೇಡಂ ಆಗಿ ಕೂರುವಳು, ಒಬ್ಬೊಬ್ಬರನ್ನೇ ಕೆಲಸದವಳಾಗಿ ಎದುರು ನಿಲ್ಲಿಸುವಳು. "ಯು ವಿಲ್ ಹ್ಯಾವ್ ಟು ವಾಶ್ ದ ಕಾರ್" ಎಂದು ಗದರುವಳು. ನಿಂತವಳು "ಯೆಸ್ ಮೇಡಂ" ಎನ್ನಬೇಕು.

"ವಿಲ್ ಹ್ಯಾವ್ ಟು ಅಂದ್ರೆ ಮಾಡಲೇಬೇಕಾಗ್ತದೆ. ಅದು ಕೆಲಸ, ಹೆದರ್ಲಿಕ್ಕೆ ಎಂತ ಇಲ್ಲ" ಎಂದು ವಿವರಿಸುವಳು. "ಆದ್ರೆ ಮೇ ಹ್ಯಾವ್ ಟು ಅಂದ್ರೆ ಮಾಡಬೇಕಾಗಿ ಬಂದೀತು ಅಂತ. ಅದಕ್ಕೆ ಕೂಡ್ಲೇ ಯೆಸ್ ಹೇಳ್ಬೇಡಿ. ಯಾವಾಗ, ಆಗ ಮನೆಯಲ್ಲಿ ಯಾರ್ಯಾರು ಇರ್ತಾರೆ ಅಂತ ಕೇಳಿ. ವೆನ್ ಮೇಡಂ? ಹೂ ವಿಲ್ ಬಿ ದೇರ್? ಹೇಳಿ, ಗಟ್ಟಿಯಾಗಿ ಹೇಳಿ!"

"ಇದು ಯಾವ ವ್ಯಾಕರಣದಲ್ಲಿ ಉಂಟು ಬಾಯಿ?" ಎಂದು ನಾನೊಮ್ಮೆ ಚುಡಾಯಿಸಿದ್ದೆ.

"ವ್ಯಾಕರಣ ಬರೆದವರು ಬೇರೆಯವರ ಮನೆಯಲ್ಲಿ ಪಾತ್ರೆ ತೊಳೆದಿದ್ದಾರಾ ಮನೋರಮಕ್ಕ?" ಎಂದಳು.

ಎರಡು ಸಾವಿರದ ನವೆಂಬರಿನಲ್ಲಿ ಒಂದು ಸಂಜೆ ಕ್ಲಾಸು ನಡೆಯುತ್ತಿದ್ದಾಗ ಡೈನಾ ಮೆಟ್ಟಿಲು ಹಾರಿಕೊಂಡು ಬಂದಳು. ಆಗ ಅವಳಿಗೆ ಇಪ್ಪತ್ತೆರಡು. ಉಡುಪಿಯ ಬೇಕರಿಯೊಂದರ ಕೌಂಟರಿನಲ್ಲಿ ನಿಲ್ಲುತ್ತಿದ್ದಳು. ಕೈಯಲ್ಲಿ ಒಂದು ಕಾಗದ ಇತ್ತು.

"ಮಮ್ಮಿ, ವೀಸಾ ಬಂತು! ನಿಮ್ಮನ್ನು ಕಳಿಸಿದ ಏಜೆಂಟೇ ಮಾಡಿಸಿಕೊಟ್ಟದ್ದು. ನೀವಿದ್ದ ಊರೇ!"

ಬಾಯಿ ಕಾಗದವನ್ನು ಎರಡು ಸಲ ಓದಿದಳು.

"ಹೋಗುವುದು ಬೇಡ."

"ಯಾಕೆ? ಊರಿನವರನ್ನೆಲ್ಲ ಕಳಿಸ್ತೀರಿ, ನಾನು ಮಾತ್ರ ಬೇಡವಾ? ನೀವು ಆ ಸೋಫಾದಲ್ಲಿ ಕೂತದ್ದು ನಾನು ನೋಡಿಲ್ವಾ?"

ಹದಿನೇಳು ಜೊತೆ ಕಣ್ಣುಗಳು ಬಾಯಿಯ ಮೇಲಿದ್ದವು. ಏನಾದರೊಂದು ನೆಪ ಹೇಳಿ ಮಗಳನ್ನು ಹೊರಗೆ ಕರೆದುಕೊಂಡು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕುಳಿತು, "ಎದುರು ನಿಲ್ಲು" ಎಂದಳು.

ಡೈನಾ ನಗುತ್ತಲೇ ನಿಂತಳು. ಈ ಆಟ ಅವಳಿಗೆ ಹೊಸದಲ್ಲ.

"ಯು ವಿಲ್ ಹ್ಯಾವ್ ಟು ಗಿವ್ ಮಿ ಯುವರ್ ಪಾಸ್‌ಪೋರ್ಟ್."

"ಯೆಸ್ ಮೇಡಂ."

"ಯು ಮೇ ಹ್ಯಾವ್ ಟು ಸ್ಲೀಪ್ ಇನ್ ದ ಸ್ಟೋರ್‌ರೂಮ್."

"ವೆನ್ ಮೇಡಂ?"

"ಎವ್ರಿ ಡೇ. ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ, ಹೊರಗಿನಿಂದ ಮಾತ್ರ ಉಂಟು." ಅಲ್ಲಿಂದ ಮುಂದಕ್ಕೆ ಇಂಗ್ಲಿಷೂ ಕನ್ನಡವೂ ಕಲಸಿಹೋದವು. "ನಾನು ನನ್ನ ತಾಯಿಯ ಮನೆಗೆ ಹೋಗ್ತೇನೆ, ಹತ್ತು ದಿವಸ. ಯು ಮೇ ಹ್ಯಾವ್ ಟು ಕುಕ್ ಫಾರ್ ಸರ್."

ಡೈನಾಳ ನಗು ನಿಂತುಹೋಗಿತ್ತು. ಆದರೂ ಕಲಿತ ಮಾತು ತಾನಾಗಿಯೇ ಬಂತು. "ಹೂ ವಿಲ್ ಬಿ ದೇರ್, ಮೇಡಂ?"

"ನೋಬಡಿ. ಓನ್ಲಿ ಸರ್."

"ಮಮ್ಮಿ..."

"ಮಮ್ಮಿ ಅಲ್ಲ, ಮೇಡಂ ಅಂತ ಹೇಳು! ಅಲ್ಲಿ ಮಮ್ಮಿ ಅಂತ ಕೂಗಿದರೆ ಯಾರು ಬರ್ತಾರೆ? ನಾನು ಕೂಗಿದೆ. ಹತ್ತು ದಿವಸ ಕೂಗಿದೆ. ಮೇಡಂ ಬಂದ ಮೇಲೆ ಅವಳ ಕಾಲಿಗೆ ಬಿದ್ದು ಹೇಳಿದೆ. ನನ್ನ ಕೆನ್ನೆಗೇ ಹೊಡೆದಳು. ಆ ಫೋಟೊ ಅವರಿಲ್ಲದಾಗ ಡ್ರೈವರ್ ತೆಗೆದದ್ದು. ಅಜ್ಜಿ ಹೆದರಬಾರದು ಅಂತ ಕಳಿಸಿದೆ."

ಹದಿನಾಲ್ಕು ವರ್ಷ ಈ ಹೆಂಗಸು ಇದನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದಳು. ನಾನು ಅವಳಿಗೆ ವ್ಯಾಕರಣ ಹೇಳಲು ಹೋಗಿದ್ದೆ, ನಾಚಿಕೆಗೆಟ್ಟವಳು. ಡೈನಾ ತಾಯಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಮರುದಿನ ಏಜೆಂಟನಿಗೆ ಕಾಗದವನ್ನು ಹಿಂದೆ ಕೊಟ್ಟು ಬಂದಳು.

ಆ ವಾರ ಆರು ಮಂದಿ ಕ್ಲಾಸು ಬಿಟ್ಟರು. ಬಿಟ್ಟದ್ದೇ ಒಳ್ಳೆಯದಾಯಿತು ಎಂದು ಬಾಯಿ ಹೇಳಿದಳು. ಇಗರ್ಜಿಯಲ್ಲಿ ಜನ ಏನೆಂದುಕೊಳ್ಳುತ್ತಾರೋ, ಡೈನಾಗೆ ಸಂಬಂಧ ಬರುತ್ತದೋ ಇಲ್ಲವೋ ಎಂಬ ಚಿಂತೆ ಅವಳಿಗಿತ್ತು. ಆದರೂ ಮಗಳು ಉಳಿದಳಲ್ಲ ಎಂಬ ಸಮಾಧಾನದಲ್ಲಿ ಸ್ವಲ್ಪ ನಿದ್ದೆ ಮಾಡುತ್ತಿದ್ದಳು.

ಹದಿನೈದು ದಿನಗಳಾದ ಮೇಲೆ ಜಯಮಾಲಾ ಬಾಗಿಲ ಬಳಿ ಬಂದು ನಿಂತಳು. ಬಾದಾಮಿ ಕಡೆಯವಳು, ಕಟ್ಟಡದ ಕೆಲಸ ಮಾಡುವ ಬೀರಪ್ಪನ ಹೆಂಡತಿ. ಅವನ ಕಣ್ಣು ತಪ್ಪಿಸಿ ಕ್ಲಾಸಿಗೆ ಬರುತ್ತಿದ್ದಳು. ಆ ಸಂಜೆಯೂ ಹಿಂದಿನ ಬೆಂಚಿನಲ್ಲೇ ಇದ್ದಳು.

"ಟೀಚರ್, ಡೈನಾ ಅಕ್ಕಾರು ಬ್ಯಾಡ ಅಂದ ಮನಿಗೆ ಈಗ ಏಜೆಂಟರು ನನ್ನ ಕಳಸಾಕತ್ತಾರ್ರಿ. ಮುಂದಿನ ವಾರ ಹೊಂಟೀನಿ, ಗಂಡಗ ಗೊತ್ತಿಲ್ರಿ."

ಬಾಯಿ ಅವಳ ಎರಡೂ ಕೈ ಹಿಡಿದುಕೊಂಡಳು. "ಅವತ್ತು ನೀನು ಇಲ್ಲೇ ಇದ್ದಿ ಅಲ್ವಾ? ಎಲ್ಲ ಕೇಳಿದ್ದಿ ಅಲ್ವಾ?"

"ಕೇಳೀನ್ರಿ. ಅವತ್ತಿನಿಂದ ನಿದ್ದಿ ಇಲ್ರಿ, ಅಷ್ಟು ಅಂಜಿಕಿ ಆಗೈತಿ."

"ಮತ್ತೆ ಯಾಕೆ ಹೋಗ್ತಿ?"

ಜಯಮಾಲಾ ಸೆರಗು ಸರಿಸಿದಳು. ಕುತ್ತಿಗೆಯಿಂದ ಭುಜದವರೆಗೆ ಬೀಡಿಯಿಂದ ಸುಟ್ಟ ಗುರುತುಗಳಿದ್ದವು. ಕೆಲವು ಹಳೆಯವು, ಎರಡು ಇನ್ನೂ ಹಸಿ.

"ಅಲ್ಲಿ ಎರಡ ವರ್ಷಕ್ಕ ಮುಗೀತೈತ್ರಿ ಟೀಚರ್. ಇಲ್ಲಿ ಯಾವಾಗ ಮುಗೀತೈತ್ರಿ?"

ಕಾರ್ಕಳದಲ್ಲಿ ಮನೆಕೆಲಸ ಹುಡುಕಿಕೊಡುತ್ತೇನೆ, ಅಲ್ಲೇ ಇರಬಹುದು ಎಂದು ನಾನು ಹೇಳಿನೋಡಿದೆ. ಬೀರಪ್ಪ ಅಲ್ಲಿಗೂ ಬರುತ್ತಾನೆ, ಹಿಂದೆ ಒಂದು ಸಲ ಪೆರ್ಡೂರಿನವರೆಗೆ ಹುಡುಕಿಕೊಂಡು ಬಂದು ಎಳೆದುಕೊಂಡು ಹೋಗಿದ್ದ ಎಂದಳು.

ಉಳಿದ ಆರು ದಿನವೂ ಬಾಯಿ ಅವಳೊಬ್ಬಳಿಗೇ ಪಾಠ ಮಾಡಿದಳು. ಚೀಟಿ ಕೊಟ್ಟರೆ ಕಸಿದುಕೊಳ್ಳುತ್ತಾರೆ ಎಂದು ನನ್ನ ಶಾಲೆಯ ಫೋನ್ ನಂಬರನ್ನು ಅವಳ ಲಂಗದ ಮಡಿಕೆಯ ಒಳಗೆ ಕೆಂಪು ನೂಲಿನಲ್ಲಿ ಹೊಲಿದುಕೊಟ್ಟಳು. ಮುಂಬಯಿ ಬಸ್ಸು ಬರುವವರೆಗೂ ಅಂಕೆಗಳನ್ನು ಬಾಯಿಪಾಠ ಹೇಳಿಸುತ್ತಲೇ ಇದ್ದಳು.

ಅದಾಗಿ ಹನ್ನೊಂದು ತಿಂಗಳಾಯಿತು. ಏಜೆಂಟನ ಬಳಿ ಮೂರು ಸಲ ಹೋಗಿ ಬಂದೆವು, ಚೆನ್ನಾಗಿದ್ದಾಳೆ ಎನ್ನುತ್ತಾನೆ. ಕ್ಲಾಸಿನ ನಡುವೆ ಫೋನ್ ರಿಂಗಾದಾಗಲೆಲ್ಲ ಬಾಯಿ ಪಾಠ ನಿಲ್ಲಿಸಿ ಕುರ್ಚಿಯಿಂದ ಏಳುತ್ತಾಳೆ. ನಾನು ಎತ್ತಿಕೊಂಡು, ಅಲ್ಲ ಎಂದು ತಲೆಯಾಡಿಸುತ್ತೇನೆ. ಅವಳು ಕೂರುತ್ತಾಳೆ.