ತಮ್ಮನಿಗೇ ಕೊಟ್ಟ ಮಗಳು

ವರ್ಷಗಟ್ಟಲೆ ಒಂದೇ ಕಾಯಿಲೆಯ ಬೆನ್ನು ಹತ್ತಿದವಳು ನಾನು. ಮೆದುಳಿನ ಹಿಂಭಾಗದಲ್ಲಿ ನಡಿಗೆಯ ಸಮತೋಲ ಕಾಯುವ ಒಂದು ತುಂಡು ಇದೆ. ಕೆಲವು ಮನೆತನಗಳಲ್ಲಿ ಅದು ನಡುವಯಸ್ಸಿಗೇ ಸವೆಯತೊಡಗುತ್ತದೆ. ಮೊದಲು ಕಾಲು ತಪ್ಪುತ್ತದೆ, ಆಮೇಲೆ ಕೈ, ಆಮೇಲೆ ಮಾತು, ಕೊನೆಗೆ ತುತ್ತು ನುಂಗುವುದೂ ಆಗುವುದಿಲ್ಲ. ತಂದೆಗೋ ತಾಯಿಗೋ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಬರುವ ಸಂಭವ ಎಷ್ಟೋ ಬಾರದಿರುವುದೂ ಅಷ್ಟೇ. ಗುಣಪಡಿಸುವ ಔಷಧ ಇಲ್ಲ. ಇಷ್ಟನ್ನು ಹೇಳುವುದಕ್ಕೆ ನನಗೆ ಸಂಬಳ ಕೊಡುತ್ತಾರೆ.

ಹುಟ್ಟಿದ್ದು ಸವಣೂರಿನ ವೈಷ್ಣವರ ಮನೆಯಲ್ಲಿ. ಅಜ್ಜ ಜಾತಕ ನೋಡಿ ಭವಿಷ್ಯ ಹೇಳುತ್ತಿದ್ದರು, ನಾನು ರಕ್ತ ನೋಡಿ ಹೇಳುತ್ತೇನೆ. ವ್ಯತ್ಯಾಸ ಏನೆಂದರೆ ಅಜ್ಜನ ಹತ್ತಿರ ಪರಿಹಾರ ಇರುತ್ತಿತ್ತು. ಒಂದು ಶಾಂತಿ, ಒಂದು ದಾನ, ಏನೋ ಒಂದು. ಬಂದವರು ಸಮಾಧಾನದಿಂದ ಹೋಗುತ್ತಿದ್ದರು. ನನ್ನ ಮುಂದಿನಿಂದ ಯಾರೂ ಹಾಗೆ ಎದ್ದು ಹೋಗಿಲ್ಲ.

ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಎಂದು ಊರೂರು ಸುತ್ತಿ, ಯಾರ ಅಜ್ಜ ತೂರಾಡುತ್ತಿದ್ದ, ಯಾರ ಸೋದರತ್ತೆ ಹಾಸಿಗೆ ಹಿಡಿದಳು ಎಂದು ವಂಶವೃಕ್ಷ ಬರೆಯುವುದು ನನ್ನ ಸಂಶೋಧನೆಯ ಅರ್ಧ ಕೆಲಸ. ಹಾಗೆ ಸುತ್ತುವಾಗ ಸಿಕ್ಕಿದ್ದು ಮಾಸೂರಿನ ಆ ಮನೆ. ಇದ್ದವರು ಮೂವರು: ಅಕ್ಕ, ತಮ್ಮ, ಅಕ್ಕನ ಮಗಳು. ಅಕ್ಕನಿಗೆ ಕಾಯಿಲೆ ಶುರುವಾದಾಗ ಗಂಡನ ಮನೆಯವರು, ಹೆಂಗಸು ಕುಡಿಯುತ್ತಾಳೆ ಎಂದು ಸುದ್ದಿ ಹಬ್ಬಿಸಿ, ಮಗುವಿನ ಸಮೇತ ತವರಿಗೆ ತಂದು ಬಿಟ್ಟಿದ್ದರು. ಆವತ್ತಿನಿಂದ ಅವಳನ್ನು ನೋಡಿಕೊಂಡವನು ತಮ್ಮ. ಕೆರೆಯ ಕೆಳಗಿನ ಗದ್ದೆಗಳಲ್ಲಿ ಕೂಲಿ ಮಾಡಿ ಬಂದು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ನಾನು ಹೇಳಿಕೊಟ್ಟಂತೆ ಅವಳ ಗದ್ದವನ್ನು ಎದೆಗೆ ತಾಗಿಸಿ, ಗಂಟಲಿಗೆ ಸಿಕ್ಕದಂತೆ ಒಂದೊಂದೇ ತುತ್ತು ಉಣಿಸುತ್ತಿದ್ದ. ಅಂಥ ತಾಳ್ಮೆ ನನಗಂತೂ ಇಲ್ಲ.

ಒಂದು ದಿನ ಹೋದಾಗ ಅಕ್ಕ ಬಹಳ ಖುಷಿಯಲ್ಲಿದ್ದಳು. ತೊದಲುತ್ತ, ಪದ ಬಿಡಿಸಿ ಬಿಡಿಸಿ ಹೇಳಿದಳು: "ಮಗಳ ಮದುವಿ ಗೊತ್ತು ಮಾಡೇವ್ರಿ ಡಾಕ್ಟರ್ ಬಾಯಾರ. ನನ್ನ ತಮ್ಮಗ ಕೊಡ್ತೇನಿ."

ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಹೊಸದಲ್ಲ. ಆದರೂ ರೇಗಿಹೋಯಿತು. ರೋಗ ಇರುವ ಮನೆಯೊಳಗೇ ಕೊಟ್ಟು ತರುವುದು ಬೇಡ ಎಂದು ದೊಡ್ಡ ಭಾಷಣವನ್ನೇ ಬಿಗಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ನಿಮ್ಮ ಅವ್ವನ್ನ ಎಲ್ಲಿ ಕೊಟ್ಟಿದ್ರು?" ಎಂದು ನಕ್ಕಳು. ನನ್ನ ತಾಯಿಯನ್ನೂ ಅವಳ ಸೋದರಮಾವನಿಗೇ ಕೊಟ್ಟದ್ದು. ಹಿಂದೊಮ್ಮೆ ಅವರನ್ನು ಮಾತಿಗೆಳೆಯಲು ನಾನೇ ಹೇಳಿಕೊಂಡಿದ್ದೆ.

ಆಮೇಲೆ ಅವಳು ನಗಲಿಲ್ಲ. "ಹೊರಗಿನವ್ರಿಗೆ ಕೊಟ್ರ, ಕೈ ನಡಗಿದ ದಿನಾನ ತಂದು ಬಿಟ್ಟು ಹೊಕ್ಕಾರ್ರಿ. ನನ್ನ ಬಿಟ್ಟಂಗ. ಇಂವ ನನಗ ಉಣಸ್ಯಾನ. ನಾಳೆ ಆಕಿಗೆ ಬಂದ್ರ ಆಕಿಗೂ ಉಣಸ್ತಾನ. ನಾ ಇನ್ನೇನ್ ಮಾಡ್ಲಿ, ನೀವ ಹೇಳ್ರಿ."

ಆ ಹೊತ್ತಿಗೆ ಮಗಳು ಒಳಗೆ ಬಂದಳು. ಗೋಡೆಗೆ ಒರಗಿದ್ದ ತಮ್ಮ ಅವಳತ್ತ ನೋಡಿದ. ಮೊದಲು ಅವನ ತಲೆ ಅತ್ತ ತಿರುಗಿತು. ಕಣ್ಣು ಆಮೇಲೆ, ಕೆಸರುಗದ್ದೆಯಲ್ಲಿ ಕಾಲು ಕಿತ್ತಿಡುವವರ ಹಾಗೆ, ನಿಧಾನ ಹೊರಳಿತು. ಈ ಕಾಯಿಲೆ ಕಾಲಿಗೆ ಇಳಿಯುವ ಮೊದಲೇ ಎಷ್ಟೋ ಜನರಲ್ಲಿ ಕಣ್ಣಿನಲ್ಲಿ ಕಾಣಿಸಿಕೊಳ್ಳುತ್ತದೆ. ಅವನಿಗೂ ಬಂದಿತ್ತು. ಮಗಳಿಗೆ ಉಣಿಸುತ್ತಾನೆ ಎಂದು ಅಕ್ಕ ನಂಬಿಕೊಂಡಿದ್ದ ಕೈ ಇನ್ನು ಕೆಲವು ವರ್ಷಕ್ಕೆ ತನ್ನ ಬಾಯಿಗೇ ತುತ್ತು ಒಯ್ಯಲಾರದು.

ನಾನು ಬಾಯಿ ಬಿಡುವಂತಿರಲಿಲ್ಲ. ಹಿಂದೆ ಸಂಶೋಧನೆಗೆ ರಕ್ತ ಕೊಡುವಾಗ ಅವನು, "ಏನ್ ಬಂದ್ರೂ ನನಗ ಹೇಳಬ್ಯಾಡ್ರಿ" ಎಂದಿದ್ದ. ಹಾಗೆಂದವನಿಗೆ ಹೇಳಬಾರದು; ಒಬ್ಬರ ರೋಗ ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗಂತೂ ಹೇಳಲೇಬಾರದು. ಒಳ್ಳೆಯ ನಿಯಮ, ನಾನೇ ಕಿರಿಯರಿಗೆ ಪಾಠ ಮಾಡಿದ್ದೇನೆ. ಆವತ್ತು ಆ ನಿಯಮವನ್ನು ಮನಸಾರೆ ಬೈದೆ.

ಕಾರಿನ ತನಕ ಬಿಡಲು ಬಂದವನಿಗೆ, ಒಮ್ಮೆ ಆಸ್ಪತ್ರೆಗೆ ಬಂದು ತೋರಿಸಿಕೊಂಡು ಹೋಗು ಎಂದೆ, ಅಷ್ಟೇ.

"ನನಗ ಗೊತ್ತಾಗೇತ್ರಿ ಬಾಯಾರ. ಬದುವಿನ ಮ್ಯಾಲ ಕಾಲು ಮಾತು ಕೇಳವಲ್ಲವು. ಅಕ್ಕಗ ಮಾತ್ರ ಹೇಳಬ್ಯಾಡ್ರಿ. ಈ ಮದುವಿ ಆಸೇದಾಗ ಜೀವ ಹಿಡದಾಳ."

"ಹುಡುಗಿಗೆ?"

ಅವನು ಕಾರಿನ ಬಾಗಿಲು ತೆಗೆದು ಹಿಡಿದ. ಆಕೆಗೆ ಹೇಳದೆ ತಾಳಿ ಕಟ್ಟಿದರೆ ಮೋಸ ಎಂದು ದನಿ ಏರಿಸಿದೆ. ಅವನು ನೆಲ ನೋಡುತ್ತ, "ಹೇಳ್ತೇನ್ರಿ" ಎಂದ. ಹೇಳುತ್ತಾನೆ ಎಂದು ನನಗೆ ಅನ್ನಿಸಲಿಲ್ಲ.

ಹುಡುಗಿ ಡಿಗ್ರಿ ಮುಗಿಸಿ ಹಿರೇಕೆರೂರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಡೆಯಲಾಗದೆ ಅಲ್ಲಿಗೇ ಹೋದೆ. ನಿನಗೂ ಬರಬಹುದು, ಬಾರದೇ ಇರಬಹುದು, ಬೇಕಿದ್ದರೆ ಪರೀಕ್ಷೆ ಮಾಡಿಸಿಕೊಳ್ಳಬಹುದು ಎಂದೆಲ್ಲ ಹೇಳಿದೆ. ಅವಳು ಕಾಗದ ತಿರುವಿ ಹಾಕುತ್ತ, "ನನಗ ಬಂದ್ರ ಬರ್ಲಿ ಬಿಡ್ರಿ. ಮಾಮಾ ಚಲೋ ಅದಾನಲ್ರಿ?" ಎಂದಳು.

"ಅದನ್ನ ಅವನ್ನ ಕೇಳವ್ವಾ" ಎಂದೆ. ಮತ್ತೇನೂ ಹೇಳುವ ಹಕ್ಕು ನನಗಿರಲಿಲ್ಲ. ಅವಳ ಕೈ ಯಂತ್ರದ ಮೇಲೆ ಹಾಗೇ ನಿಂತಿತು. ಅಷ್ಟರಲ್ಲಿ ಯಾರೋ ಆಧಾರ್ ಕಾರ್ಡ್ ಚಾಚಿದರು, ನಾನು ಹೊರಟು ಬಂದೆ. ಕೈಲಾಗದವ ಮೈ ಪರಚಿಕೊಂಡ ಅನ್ನುತ್ತಾರಲ್ಲ, ಊರು ಮುಟ್ಟುವವರೆಗೆ ಡ್ರೈವರನ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ.

ಮದುವೆಗೆ ಕರೆದರು, ಹೋಗಲಿಲ್ಲ. ಅದೇ ದಿನಗಳಲ್ಲಿ ಒಂದು ಸಮ್ಮೇಳನದಲ್ಲಿ ಆ ಮನೆತನದ ವಂಶವೃಕ್ಷವನ್ನು ಹೆಸರಿಲ್ಲದೆ ತೋರಿಸಿದೆ. ಗಂಡಿಗೆ ಚೌಕ, ಹೆಣ್ಣಿಗೆ ಗುಂಡು, ರೋಗ ಬಂದವರಿಗೆ ಕಪ್ಪು. ಬಹಳ ಅಪರೂಪದ ಕುಟುಂಬ ಎಂದು ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೆ ನಿಂತು ನನಗೆ ಅಳು ಬಂದಿತ್ತು.

ಮದುವೆಯಾಗಿ ಕೆಲ ತಿಂಗಳಿಗೆ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಬಂದರು. ಮಾಮಾ ಹೋಗಿ 'ಇವ್ರು' ಆಗಿದ್ದ. "ತೆಲಿ ಮ್ಯಾಲ ಅಕ್ಕಿಕಾಳು ಬೀಳೂಕಿಂತ ಮದಲ ಇವ್ರು ಎಲ್ಲಾ ಹೇಳಿದ್ರು" ಎಂದಳು.

"ಮತ್ತ ಯಾಕ ಒಪ್ಪಿದಿ?"

"ನಾ ಬಿಟ್ರ ಇವ್ರಿಗೆ ಯಾರದಾರ್ರಿ? ಅವ್ವಗೂ ಯಾರದಾರ?" ಎಂದವಳು ಸೀರೆಯ ಸೆರಗು ಸರಿಸಿ ತೋಳು ಮುಂದೆ ಚಾಚಿದಳು. "ಈಗ ನನ್ನ ರಕ್ತ ನೋಡ್ರಿ. ಇವ್ರನ್ನೂ ಅವ್ವನ್ನೂ ಎತ್ತಿ ಕುಂದರಸಾಕ ನನ್ನ ಕೈಯಾಗ ಎಷ್ಟು ವರ್ಷ ಕಸುವು ಇರ್ತೈತಿ ಅಂತ ಗೊತ್ತಾಗಬೇಕು."

ಬರುತ್ತದೋ ಇಲ್ಲವೋ ಎಂಬುದನ್ನು ಪರೀಕ್ಷೆ ಹೇಳುತ್ತದೆ, ಎಷ್ಟು ವರ್ಷ ಎಂದು ಖಚಿತವಾಗಿ ಹೇಳುವುದಿಲ್ಲ ಎಂದೆ. ಒಮ್ಮೆ ಗೊತ್ತಾದರೆ ಮರೆಯಲಿಕ್ಕಾಗುವುದಿಲ್ಲ, ಯೋಚನೆ ಮಾಡಿ ಬಾ ಎಂದು ನಿಯಮದಂತೆ ಆವತ್ತು ವಾಪಸು ಕಳಿಸಿದೆ. ತಿಂಗಳು ಕಳೆದು ಮತ್ತೆ ಬಂದಳು.

"ಹೌದು ಅಂತ ಬಂದ್ರ ಈಗಿಂದ ಒಬ್ರನ್ನ ಹುಡುಕಿ ಇಡಬೇಕಲ್ರಿ, ಮೂರೂ ಮಂದೀಗೆ ಉಣಸಾಕ."

ಅವಳ ಗಂಡ ಗೋಡೆಯ ಕಡೆ ಮುಖ ಮಾಡಿ ನಿಂತ. ನಾನು ಅವಳ ತೋಳಿಗೆ ರಬ್ಬರ್ ಪಟ್ಟಿ ಬಿಗಿದೆ. ದುಡಿದ ಗಟ್ಟಿ ತೋಳು, ನರ ಹುಡುಕಬೇಕಾಗಲೇ ಇಲ್ಲ.