ಮೊದಲು ಚಿಂದಿಯ ಮೇಲೆ

ಆಕೆಯನ್ನು ಬೀದಿಯವರೆಲ್ಲ ಕರೆಯುವುದು ಕತ್ತರಿಯಕ್ಕ ಎಂದು. ಟೈಲರ್ ಆದ್ದರಿಂದ ಬಂದ ಹೆಸರು ಎಂದು ಆಕೆ ಹೇಳಿಕೊಳ್ಳುತ್ತಾಳೆ. ನಾಲಿಗೆ ನೋಡಿ ಇಟ್ಟದ್ದು ಎನ್ನುತ್ತಾನೆ ಗಂಡ. ಎರಡೂ ನಿಜವೇ. ಔಷಧಿ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡಿರುವ ಆಕೆಯ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲಾಚೆಗೇ. ಆದರೂ ಗಿರಾಕಿಗಳು ಹುಡುಕಿಕೊಂಡು ಬರುತ್ತಾರೆ, ಏಕೆಂದರೆ ರೆಡಿಮೇಡ್ ಅಂಗಡಿಯವರು ಕೈಬಿಟ್ಟ ಮೈಗಳೆಲ್ಲ ಆಕೆಯ ಪಾಲಿಗೆ ಬಂದಿವೆ. ಚೀಲ ಹೊತ್ತು ಹೊತ್ತು ಒಂದು ಭುಜ ಇಳಿದ ಅಂಚೆಯವನು, ಆಪರೇಷನ್ನಿನಲ್ಲಿ ಎದೆಯ ಒಂದು ಪಕ್ಕ ಕಳೆದುಕೊಂಡ ಟೀಚರಮ್ಮ, ಬೆನ್ನು ಗೂನಾದ ಲೈಬ್ರರಿಯಮ್ಮ. "ಮೈ ಸರಿಯಿಲ್ಲ ಅನ್ಬೇಡಿ, ಬಟ್ಟೆ ಸರಿಯಿಲ್ಲ ಅನ್ನಿ," ಎಂದು ಅವರನ್ನೆಲ್ಲ ಗದರಿಸಿಯೇ ಆಕೆ ಅಳತೆ ತೆಗೆಯುವುದು.

ಇಂಥ ಒಬ್ಬೊಬ್ಬರಿಗೂ ಒಂದೊಂದು ಕಾಗದದ ಮಾದರಿ ಇರುತ್ತಿತ್ತು. ಅತ್ತೆ ಕಲಿಸಿದ ಪದ್ಧತಿ ಅದು. ಕಾಗದಕ್ಕೆ ಗೆದ್ದಲು ಹತ್ತಿದಾಗ ಅಕ್ಕ ಹಟ ಹಿಡಿದು ಕಂಪ್ಯೂಟರ್ ಕಲಿತಳು, ಎಲ್ಲ ಮಾದರಿಗಳನ್ನೂ ಅದರಲ್ಲೇ ಬಿಡಿಸಿಟ್ಟಳು. ಬೇಕಾದಾಗ ಪ್ರಿಂಟ್ ತೆಗೆದು, ಹಾಳೆಗಳನ್ನು ಅಂಟಿಸಿ ಬಟ್ಟೆಯ ಮೇಲೆ ಹರಡಿದರೆ ಆಯಿತು. ಗೆದ್ದಲು ತಿಂದು ಬಿಟ್ಟ ಕಾಗದವನ್ನೆಲ್ಲ ಸುಟ್ಟುಹಾಕಿದಳು. ಅಂದಮೇಲೆ ಊರವರ ಭುಜ, ಬೆನ್ನು, ಸೊಂಟಗಳೆಲ್ಲ ಈಗ ಆ ಒಂದು ಡಬ್ಬಿಯೊಳಗೇ ಇದ್ದವು.

ಲೈಬ್ರರಿಯಮ್ಮನಿಗೆ ಬಡ್ತಿಯ ಸಂದರ್ಶನ ಬಂತು, ಕೋಟು ಬೇಕೆಂದರು. ಅಕ್ಕ ಮಾದರಿ ಪ್ರಿಂಟ್ ತೆಗೆದು ನೋಡಿದರೆ ಎಲ್ಲ ಕುಗ್ಗಿ ಕೂತಿದೆ. ಇನ್ನೊಂದು ತೆಗೆದಳು, ಅದೂ ಹಾಗೇ.

"ಇನ್ನೊಂದ್ಸಲ ಅಳತೆ ತಗೊಂಡ್ರಾಯ್ತಪ್ಪ," ಎಂದ ಗಂಡ.

"ಆ ಬೆನ್ನು ಟೇಪಿಗೆ ಸಿಗಲ್ಲ ರೀ. ಎಷ್ಟು ಟ್ರಯಲ್ ಆಗಿದೆ ಅದಕ್ಕೆ! ಪ್ರತಿ ಸಲ ಆ ಕನ್ನಡಿ ಮುಂದೆ ಕಣ್ಣೀರು ಹಾಕಿದ್ದಾರೆ ಅವರು. ಮತ್ತೆ ಅದೇ ಶುರು ಮಾಡ್ಲಾ?"

ಕಂಪ್ಯೂಟರ್ ರಿಪೇರಿಯವನು ಬಂದು ನೋಡಿ, ಪ್ರಿಂಟರ್ ಚೆನ್ನಾಗಿಯೇ ಇದೆ, ಇಂಟರ್ನೆಟ್ಟಿನಲ್ಲಿ ಬಲ್ಲವರ ಗುಂಪೊಂದಿದೆ, ಅಲ್ಲಿ ಕೇಳಿ ಎಂದು ಕೈತೊಳೆದುಕೊಂಡ. ಅಕ್ಕ ಕೇಳಿದಳು: "ಪ್ರಿಂಟ್ ಸರಿಯಾಗಿ ಬರುತ್ತಿಲ್ಲ. ಏನು ಮಾಡಲಿ?"

ಕೇಳಿದ್ದೇ ತಪ್ಪಾಯಿತು. ಮೊದಲು ಹುಡುಕಿ ಆಮೇಲೆ ಕೇಳಿ ಎಂದ ಒಬ್ಬ. ಇನ್ನೊಬ್ಬ ಇಂಗ್ಲಿಷಿನ ದಪ್ಪ ಕೈಪಿಡಿಯೊಂದನ್ನು ಎಸೆದು ಹೋದ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಮತ್ತೊಬ್ಬ ಗಾದೆ ಹೇಳಿದ. ಅದಕ್ಕೆ ಹತ್ತಾರು ಮೆಚ್ಚುಗೆ. ಕೊನೆಗೆ ಗುಂಪಿನ ಯಜಮಾನ, ಈ ಪ್ರಶ್ನೆ ಹಿಂದೆಯೇ ಬಂದಿದೆ ಎಂದು ಬಾಗಿಲು ಹಾಕಿಬಿಟ್ಟ. ಆ ಹಳೆಯ ಪ್ರಶ್ನೆಯನ್ನು ಅಕ್ಕ ಹುಡುಕಿ ತೆಗೆದರೆ, ಕೇಳಿದಾತನೇ ಕೆಳಗೆ ಬರೆದಿದ್ದ: "ಸರಿಹೋಯಿತು. ಎಲ್ಲರಿಗೂ ಧನ್ಯವಾದ." ಹೇಗೆ ಸರಿಹೋಯಿತು ಎಂಬುದಕ್ಕೆ ಒಂದಕ್ಷರವಿಲ್ಲ. ಮೂವತ್ತು ವರ್ಷ ಗಿರಾಕಿಗಳ ಬಾಯಿ ಮುಚ್ಚಿಸಿದ್ದ ಅಕ್ಕನಿಗೆ ಅಂದು ಅವಮಾನದಿಂದ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಮಹಾಗುರು ಎಂಬ ಹೆಸರಿನವನೊಬ್ಬ ನೇರವಾಗಿ ಆಕೆಗೇ ಒಂದು ಸಾಲು ಕಳಿಸಿದ. ಅದನ್ನು ಕಂಪ್ಯೂಟರಿಗೆ ಆಜ್ಞೆ ಕೊಡುವ ಕಪ್ಪು ಕಿಟಕಿಯಲ್ಲಿ ಅಂಟಿಸಿ ಎಂಟರ್ ಒತ್ತಿ, ಪ್ರಿಂಟರ್ ತಾನಾಗಿ ಸರಿಯಾಗುತ್ತದೆ ಎಂದ. ಅಕ್ಕನಿಗೆ ಕೈಮುಗಿಯುವಷ್ಟು ಖುಷಿ. ಕೀಲಿಯ ಮೇಲೆ ಬೆರಳೂ ಇಟ್ಟಳು. ಆದರೆ ಹೊಸ ಕತ್ತರಿ ತಂದರೂ, ಹೊಸ ಸೂಜಿ ಹಾಕಿದರೂ ಗಿರಾಕಿಯ ಬಟ್ಟೆಗೆ ನೇರವಾಗಿ ತಾಗಿಸಿದವಳಲ್ಲ ಆಕೆ; ಮೊದಲು ಚಿಂದಿಯ ಮೇಲೆ ಒಂದು ಗೆರೆ ಓಡಿಸಿ ನೋಡಲೇಬೇಕು. ಬೆರಳು ತಾನಾಗಿ ಹಿಂದೆ ಸರಿಯಿತು. ಕತ್ತರಿಸುವ ಮೇಜಿನ ಕೆಳಗೆ, ಚಿಂದಿ ಮೂಟೆಗಳ ನಡುವೆ, ಏನನ್ನೂ ಎಸೆಯದ ಆಕೆ ಉಳಿಸಿಕೊಂಡಿದ್ದ ಹಳೆಯ ಕಂಪ್ಯೂಟರ್ ಇತ್ತು. ಅದನ್ನೆಳೆದು, ಧೂಳು ಒರೆಸಿ, ಆ ಸಾಲನ್ನು ಅದರಲ್ಲಿ ಹಾಕಿ ಎಂಟರ್ ಒತ್ತಿದಳು.

ಪರದೆಯ ಮೇಲೆ ಅಕ್ಷರಗಳು ಸರಸರ ಓಡಿದವು. ಆಮೇಲೆ ಕತ್ತಲೆ. ಅದು ಮತ್ತೆ ಏಳಲೇ ಇಲ್ಲ.

"ಅಕ್ಕಾ, ಒಳಗಿದ್ದದ್ದನ್ನೆಲ್ಲ ಅಳಿಸಿಹಾಕಿದೆ. ಯಾವನೋ ಬೇಕಂತಲೇ ಕೊಟ್ಟಿದ್ದಾನೆ," ಎಂದ, ಮತ್ತೆ ಬಂದು ನೋಡಿದ ಕಂಪ್ಯೂಟರ್ ರಿಪೇರಿಯವನು.

ಅಂಚೆಯವನ ಭುಜ, ಟೀಚರಮ್ಮನ ಎದೆ, ಲೈಬ್ರರಿಯಮ್ಮನ ಬೆನ್ನು, ಒಂದೇ ಕೀಲಿಯ ದೂರದಲ್ಲಿದ್ದವು! ಅಕ್ಕ ನೀರು ಕುಡಿದಳು. ಭಯ ಹೋಗಿ ಸಿಟ್ಟು ಬಂತು. ಸಿಟ್ಟು ಬಂದರೆ ಆಕೆಯ ಬುದ್ಧಿ ಇನ್ನಷ್ಟು ಚುರುಕು. ಆ ಸಾಲನ್ನು ಎಲ್ಲರಿಗೂ ಕಾಣುವ ಹಾಗೆ ಗುಂಪಿನಲ್ಲಿ ಹಾಕಿ ಬರೆದಳು:

"ಇದನ್ನು ಚಿಂದಿಯ ಮೇಲೆ ನೋಡಿದೆ, ಚಿಂದಿ ಸುಟ್ಟುಹೋಯಿತು. ಗಿರಾಕಿ ಬಟ್ಟೆ ಆಗಿದ್ದರೆ? ಯಾರೂ ಇದನ್ನು ಒತ್ತಬೇಡಿ."

ಮಹಾಗುರು ಬಂದ. "ತಮಾಷೆಗೆ ಕಳಿಸಿದ್ದು. ಇದು ಯಾರಿಗೆ ತಾನೇ ಗೊತ್ತಿಲ್ಲ?"

"ಗೊತ್ತಿಲ್ಲದವರೇ ಅಲ್ವೇನಪ್ಪಾ ಕೇಳೋಕೆ ಬರೋದು? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ."

ಯಜಮಾನ ಮಹಾಗುರುವನ್ನು ಗುಂಪಿನಿಂದ ಹೊರಗೆ ಹಾಕಿ, ಮುಚ್ಚಿದ ಪ್ರಶ್ನೆಯನ್ನು ತೆರೆದ. ಅಷ್ಟು ದಿನ ಸುಮ್ಮನಿದ್ದ, ಮೌನಿ ಎಂಬ ಹೆಸರಿನಾಕೆ ಆಗ ಕೇಳಿದಳು: "ಅಕ್ಕಾ, ಸರಿಯಾಗಿ ಬರ್ತಿಲ್ಲ ಅಂದ್ರೆ ಹೇಗೆ ಬರ್ತಿದೆ?"

ಅಕ್ಕನಿಗೆ ನಗು ಬಂತು. "ಬಟ್ಟೆ ಸರಿಯಾಗಿಲ್ಲ" ಎಂದಷ್ಟೇ ಹೇಳಿ ಮುಖ ಊದಿಸಿ ನಿಲ್ಲುವ ಗಿರಾಕಿಗೆ ತಾನು ಕೇಳುವುದೂ ಇದನ್ನೇ: ಎಲ್ಲಿ ಎಳೆಯುತ್ತೆ, ಕೈ ಎತ್ತಿ ತೋರಿಸಿ. ಮೌನಿ ಹೇಳಿದಂತೆ ಚೌಕವೊಂದನ್ನು ಬಿಡಿಸಿ, ಪ್ರಿಂಟ್ ತೆಗೆದು, ಟೇಪು ಹಿಡಿದು, ಎಷ್ಟು ಕುಗ್ಗಿದೆಯೆಂದು ಬರೆದಳು. ಉತ್ತರ ತಕ್ಷಣ ಬಂತು. ಹಾಳೆಯ ಅಂಚಿನೊಳಗೆ ಹಿಡಿಸಲೆಂದು ಚಿತ್ರವನ್ನು ಕುಗ್ಗಿಸುವ ಟಿಕ್ ಗುರುತೊಂದು ಪ್ರಿಂಟಿನ ಸೆಟ್ಟಿಂಗಿನಲ್ಲಿ ತಾನಾಗಿ ಬಿದ್ದಿತ್ತು. ತೆಗೆದರೆ ಮುಗಿಯಿತು. ತೆಗೆದಳು, ಮುಗಿಯಿತು. ಹೇಗೆ ಸರಿಹೋಯಿತೆಂದು, ಮುಂದೆ ಹುಡುಕಿ ಬರುವವರಿಗಾಗಿ, ಬಿಡಿಸಿ ಬರೆದಳು. ಮಾದರಿಗಳದ್ದೆಲ್ಲ ಇನ್ನೊಂದು ಪ್ರತಿ ಮಾಡಿಸಿ ಮನೆಯ ಬೀರುವಿನಲ್ಲಿಟ್ಟಳು.

ಲೈಬ್ರರಿಯಮ್ಮ ಬಂದು ಕೋಟು ತೊಟ್ಟು ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿದರು. ಕಣ್ಣು ಎಂದಿನಂತೆ ಬೆನ್ನಿಗೇ ಹೋಯಿತು.

"ಕಾಣಿಸುತ್ತಾ?" ಎಂದರು ಮೆಲ್ಲಗೆ.

"ಕಾಣಿಸುತ್ತೆ. ಕಾಣಿಸ್ಲಿ ಬಿಡಿ," ಎಂದಳು ಕತ್ತರಿಯಕ್ಕ. "ಕೈ ಎತ್ತಿ. ಎಲ್ಲಾದ್ರೂ ಎಳೆಯುತ್ತಾ?"

ಲೈಬ್ರರಿಯಮ್ಮ ಮೇಲಿನ ಕಪಾಟಿನಿಂದ ಪುಸ್ತಕ ತೆಗೆಯುವವರಂತೆ ಕೈ ಎತ್ತಿದರು. ಇನ್ನೂ ಮೇಲೆ ಎತ್ತಿದರು.

"ಇಲ್ಲ," ಎಂದರು. "ಎಲ್ಲೂ ಎಳೀತಿಲ್ಲ."